ಮೊರಿಸ್ ಅಂಕಲರ ಮಾದರಿ ತೋಳು

ಮಂಗಳೂರಿನಲ್ಲಿ ವೀರರಿಗೆ ಬರವಿಲ್ಲ. ಆದರೆ ಒಂದೇ ತೋಳಿನಿಂದ ಲೋಕೋಪಕಾರ ಮಾಡಿದವರು ಪಡೀಲಿನ ಮೊರಿಸ್ ಅಂಕಲ್ ಒಬ್ಬರೇ. ಬೈಕಂಪಾಡಿಯ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದು ನಿವೃತ್ತರಾದ ಮೇಲೆ ಆ ತೋಳನ್ನು ಕೇಳುವವರಿರಲಿಲ್ಲ. ಆಗ, ಕದ್ರಿಯ ಬೇಕರಿಯೊಂದರ ಮಹಡಿಯಲ್ಲಿ ಆಸ್ಪತ್ರೆ ಸಹಾಯಕರಿಗೆ ತರಬೇತಿ ಕೊಡುತ್ತಿದ್ದ ಲಯನೆಲ್ ಸರ್ ಇಗರ್ಜಿಯ ಅಂಗಳದಲ್ಲಿ ಅವರನ್ನು ಹಿಡಿದರು. ಮಕ್ಕಳು ಕೈ ಪಳಗಿಸಿಕೊಳ್ಳಲು ಒಬ್ಬ ರೋಗಿ ಬೇಕಿತ್ತು, ರೋಗವಿಲ್ಲದ ರೋಗಿ.

ಹೀಗೆ ಮೊರಿಸ್ ಸಿಂಹಾಸನವೇರಿದರು, ಅಂದರೆ ರೆಕ್ಸಿನ್ ಹಾಸಿದ ಕಬ್ಬಿಣದ ಮಂಚವನ್ನು. ಮುರಿಯದ ಕಾಲಿಗೆ ಬ್ಯಾಂಡೇಜು, ಜ್ವರವಿಲ್ಲದ ಬಾಯಿಗೆ ಥರ್ಮಾಮೀಟರು, ಪಾಠ ಮುಗಿದ ಮೇಲೆ ಚಹಾ ಮತ್ತು ಬಿಸಿ ಗೋಳಿಬಜೆ. ಅಂಗಾತ ಮಲಗಿದರೆ ಸುಪೈನ್, ಕವುಚಿ ಮಲಗಿದರೆ ಪ್ರೋನ್ ಎಂದು ಕಲಿತು ಬಂದವರು, ಮೀನು ತರಲು ಹೇಳಿದ ಹೆಂಡತಿಗೆ ತಾವೀಗ ಸುಪೈನ್ ಇರುವುದಾಗಿ ಘೋಷಿಸಿದರು. ಯಾವ ಭಂಗಿಯಲ್ಲಿದ್ದರೂ ಬಂಗುಡೆ ತಾನಾಗಿ ನಡೆದು ಬರುವುದಿಲ್ಲ ಎಂದರು ಜಾನೆಟ್ ಬಾಯಿ.

ಆದರೆ ಕೀರ್ತಿಯೆಲ್ಲ ಇದ್ದದ್ದು ಎಡತೋಳಿನಲ್ಲಿ. ಆರೋಗ್ಯವಂತನ ಬಿಪಿ ನೂರ ಇಪ್ಪತ್ತು, ಎಂಬತ್ತು ಎಂದು ಲಯನೆಲ್ ಸರ್ ಮೊದಲ ದಿನವೇ ಸಾರಿದ್ದರು. ಬೇರೆ ಅಂಕಿ ಹೇಳಿದವರು ಮತ್ತೆ ತೋಳಿಗೆ ಪಟ್ಟಿ ಸುತ್ತಬೇಕು, ಮತ್ತೆ ಗಾಳಿ ಹಾಕಬೇಕು; ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಹಾಗಾಗಿ ಬ್ಯಾಚಿನ ಮೇಲೆ ಬ್ಯಾಚು ಸ್ಟೆಥೋಸ್ಕೋಪನ್ನು ಕಿವಿಗಿಟ್ಟು, ಏನು ಕೇಳಿಸಿದರೂ ಆ ಮಂತ್ರವನ್ನೇ ಪಠಿಸಿತು. ಮೊರಿಸ್‌ಗೆ ಪರಮಾನಂದ. ಅವರಿಗೆ ಬಿಪಿ ಹೆಚ್ಚೆಂದು ಡಾಕ್ಟರು ಹಿಂದೆಯೇ ಹೆದರಿಸಿ ದಿನಾ ನುಂಗಲು ಮಾತ್ರೆ ಕೊಟ್ಟಿದ್ದರು. ಒಬ್ಬ ಡಾಕ್ಟರ ಮಾತು ದೊಡ್ಡದೋ, ಇಡೀ ಕ್ಲಾಸಿನ ಮಾತು ದೊಡ್ಡದೋ? ಮಾತ್ರೆ ನಿಂತಿತು. ಜಾನೆಟ್ ಬಾಯಿ ಕೇಳಿದಾಗಲೆಲ್ಲ ನುಂಗಿಯಾಯಿತು ಎಂಬ ಉತ್ತರ.

ಒಂದು ದಿನ ಮನ್ವಿತಾ ಎಂಬ ಹೊಸ ಹುಡುಗಿ ಗಾಳಿ ಇಳಿಸುತ್ತ ಹುಬ್ಬು ಗಂಟಿಕ್ಕಿದಳು.

“ಸರ್, ನೂರ ತೊಂಬತ್ತಕ್ಕೇ ಸದ್ದು ಕೇಳ್ತಾ ಉಂಟು.”

“ಎಂತ ಮಾರಾಯ್ತಿ, ಕಿವಿಯಲ್ಲಿ ಹತ್ತಿ ಉಂಟಾ? ಇನ್ನೊಮ್ಮೆ ನೋಡು.”

ನೋಡಿದಳು. ಮತ್ತೆ ನೂರ ತೊಂಬತ್ತೇ. ಸರ್ ತಾವೇ ಎದ್ದು ಬಂದು ನೋಡಬಹುದಿತ್ತು, ಗಡಿಯಾರ ನೋಡಿದರು. ತೀರ್ಪು ಕೊಟ್ಟದ್ದು ತೋಳಿನ ಒಡೆಯರೇ.

“ಇದು ಪುಸ್ತಕದಲ್ಲಿ ಇರುವ ಹಾಗಿನ ಕೈ ಮಗಾ. ನೀನು ನಿನ್ನ ಕಿವಿಯನ್ನೇ ಡಾಕ್ಟರಿಗೆ ತೋರಿಸು.”

ಕ್ಲಾಸು ನಕ್ಕಿತು. ಮನ್ವಿತಾ ತಲೆ ತಗ್ಗಿಸಿ ನೂರ ಇಪ್ಪತ್ತು, ಎಂಬತ್ತು ಎಂದಳು. ವೆರಿ ಗುಡ್ ಎಂದರು ಸರ್. ಆಮೇಲೆ ಮೆಟ್ಟಿಲಲ್ಲಿ ಅವಳು ಹಿಂದಿನಿಂದ ಬಂದು, ಒಮ್ಮೆ ಆಸ್ಪತ್ರೆಗೆ ಹೋಗಿ ಬನ್ನಿ ಅಂಕಲ್ ಎಂದಾಗ, ಗೋಳಿಬಜೆ ತಿಂದರೆ ಕಿವಿ ಸರಿಯಾಗ್ತದೆ ಎಂದು ಮೊರಿಸ್ ಹರಸಿದರು.

ಆ ಮಳೆಗಾಲ ಮುಗಿಯುವ ಮೊದಲೇ, ಮೀನು ಮಾರ್ಕೆಟ್ಟಿನಲ್ಲಿ ಅಂಜಲ್‌ಗೆ ಚೌಕಾಸಿ ನಡೆದಿದ್ದಾಗ, ಆ ವಿಖ್ಯಾತ ಎಡತೋಳು ಚೀಲವನ್ನು ಕೈಬಿಟ್ಟಿತು. ಹಿಂದೆಯೇ ಎಡಗಾಲು, ಆಮೇಲೆ ನಾಲಿಗೆ. ಆಸ್ಪತ್ರೆಯಿಂದ ಮರಳುವಾಗ ಅವರ ಬಳಿ ಹೊಸ ಪದವೊಂದಿತ್ತು: ಹೆಮಿಪ್ಲೀಜಿಯಾ, ಅರ್ಧ ಮೈಯ ಲಕ್ವ. ಉಚ್ಚರಿಸಲು ಮಾತ್ರ ಬಾಯಿ ಬರುತ್ತಿರಲಿಲ್ಲ. ನುಂಗದ ಮಾತ್ರೆಗಳು ಜಾನೆಟ್ ಬಾಯಿಯ ಕೈಗೆ ಸಿಕ್ಕವು. ಅವರು ಅವನ್ನು ಒಂದೊಂದಾಗಿ ಎಣಿಸಿದರು.

ಲಯನೆಲ್ ಸರ್ ಮೂಸಂಬಿ ಹಿಡಿದು ಬಂದು ಮರುಗಿದರು. ಹೊರಡುವ ಮುನ್ನ, ಲಕ್ವ ಹೊಡೆದವರನ್ನು ಮಂಚದಿಂದ ಕುರ್ಚಿಗೆ ಎತ್ತಿ ಕೂರಿಸುವ ಪಾಠ ಉಂಟು, ಅಂಕಲ್ ಬಂದರೆ ಮಕ್ಕಳಿಗೆ ಅಸಲಿ ರೋಗಿ ಸಿಕ್ಕ ಹಾಗಾಗುತ್ತದೆ ಎಂದು ಮೆಲ್ಲನೆ ಬಿತ್ತಿದರು. ಜಾನೆಟ್ ಬಾಯಿ ಬೇಡವೆಂದರು. ಮೊರಿಸ್ ತಲೆಯಾಡಿಸಿ ಒಪ್ಪಿದರು. ಮನ್ವಿತಾಳಿಗೆ ಹೇಳಬೇಕಾದ ಒಂದು ಮಾತು ಅವರ ಗಂಟಲಲ್ಲಿತ್ತು.

ಇಬ್ಬರು ಹುಡುಗರು ಅವರನ್ನು ಮಹಡಿಗೆ ಹೊತ್ತರು. ಮನ್ವಿತಾ ಕೋರ್ಸು ಮುಗಿಸಿ ಹೋಗಿದ್ದಳು. ಎತ್ತುವ ಮೊದಲು ಬಿಪಿ ನೋಡಬೇಕು, ಲಕ್ವ ಹೊಡೆದ ಕೈಗೆ ಪಟ್ಟಿ ಸುತ್ತಬಾರದು ಎಂದು ಸರ್ ಸರಿಯಾಗಿಯೇ ಕಲಿಸಿದರು. ಹೊಸ ಹುಡುಗಿಯೊಬ್ಬಳು ಬಲತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದಳು. ಬಿಪಿ ಮೀಟರಿನ ಮುಳ್ಳು ಇಳಿಯಲು ಶುರುಮಾಡಿತ್ತಷ್ಟೆ.

“ನೂರ ಇಪ್ಪತ್ತು, ಎಂಬತ್ತು ಸರ್.”

ಮೊರಿಸ್ ಬಾಯಿ ತೆರೆದರು. ಅಲ್ಲ ಎಂಬ ಎರಡಕ್ಷರ ಎಷ್ಟು ತಿಣುಕಿದರೂ ಜೊಲ್ಲಾಗಿಯೇ ಸೋರಿತು. ಹುಡುಗಿ ಅದನ್ನು ಹತ್ತಿಯಿಂದ ನಯವಾಗಿ ಒರೆಸಿದಳು. ಆ ಕ್ರಮವೂ ಪಾಠದಲ್ಲಿತ್ತು.

“ವೆರಿ ಗುಡ್,” ಎಂದರು ಲಯನೆಲ್ ಸರ್. “ಅಂಕಲ್‌ಗೂ ಖುಷಿಯಾಯ್ತು ನೋಡಿ.”