ಹುರಿ ನೂಲಿನ ಎಣ್ಣೆ

ಸುಮ್ಮನೆ ಕೂರುವುದು ನನ್ನಿಂದ ಆಗದ ಕೆಲಸ. ಚಿಕ್ಕಬಳ್ಳಾಪುರದ ಸಣ್ಣ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಸೇರಿದಾಗ ಇನ್‌ಫ್ರಾರೆಡ್ ಯಂತ್ರ ನನಗೆ ಹಿಡಿಸಿದ್ದೇ ಅದಕ್ಕೆ. ಚೂರು ವಸ್ತು ಇಟ್ಟು ಒತ್ತಿದರೆ ನಿಮಿಷದಲ್ಲಿ ಪರದೆಯ ಮೇಲೆ ಗೆರೆ ಮೂಡುತ್ತದೆ. ಯಂತ್ರ ಬಿಡುವ, ಕಣ್ಣಿಗೆ ಕಾಣದ ಬೆಳಕನ್ನು ವಸ್ತು ಎಲ್ಲೆಲ್ಲಿ ಹೀರಿತೋ ಅಲ್ಲಲ್ಲಿ ಗೆರೆ ತಗ್ಗುತ್ತದೆ. ರೇಷ್ಮೆಯ ತಗ್ಗುಗಳು ನನಗೆ ಬಾಯಿಪಾಠ.

ಒಂದು ದಿನ ಚಿಂತಾಮಣಿಯ ವ್ಯಾಪಾರಿಯೊಬ್ಬರು ಒಂದು ಲಡಿ ರೇಷ್ಮೆ ನೂಲು ಕಳಿಸಿದರು. ಶಿಡ್ಲಘಟ್ಟದ ಚಾಚಾ ಒಬ್ಬರು ಹುರಿ ಹಾಕಿ ಕೊಟ್ಟದ್ದು. ಪಾಲಿಯೆಸ್ಟರ್ ಬೆರೆತಿದೆಯೇ ಎಂಬ ಅನುಮಾನ. ನೋಡಿದರೆ, ರೇಷ್ಮೆಯಲ್ಲಿ ಇರಬಾರದ ಒಂದು ತಗ್ಗು ಎದ್ದು ಕಂಡಿತು. ಪಾಲಿಯೆಸ್ಟರಿನದೂ ಹೆಚ್ಚುಕಡಿಮೆ ಅಲ್ಲೇ ಬೀಳುತ್ತದೆ. ಆ ಹೆಚ್ಚುಕಡಿಮೆ ಎಷ್ಟೆಂದು ನೋಡುವಷ್ಟು ತಾಳ್ಮೆ ಯಾರಿಗಿತ್ತು? ವ್ಯಾಪಾರಿ ಮೂರನೇ ಸಲ ಫೋನ್ ಮಾಡಿದಾಗ, "ಬೆರಕೆ ಇದ್ದಂಗಿದೆ ಸಾರ್" ಎಂದುಬಿಟ್ಟೆ.

ಮರುದಿನ ಚಾಚಾ ತಾವೇ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಏನಮ್ಮ, ಹುರಿ ಹಾಕ್ತಾನೇ ತಲೆ ಬೆಳ್ಳಗಾಯ್ತು ನಂದು. ಬೆರಕೆ ಅನ್ನೋಕ್ ಮುಂಚೆ ನನ್ನ ಒಂದು ಮಾತು ಕೇಳೋದಲ್ವಾ?"

"ಏನ್ ಕೇಳೋದು ಚಾಚಾ? ಮಷೀನೇ ತೋರಿಸ್ತಾ ಇದೆ."

"ಹುರಿ ಹಾಕೋಕ್ ಮುಂಚೆ ನೂಲನ್ನ ಎಣ್ಣೆ ನೀರಲ್ಲಿ ನೆನೆಸ್ತೀವಿ. ಇಲ್ದಿದ್ರೆ ಎಳೆ ಕಿತ್ತೋಗುತ್ತೆ. ಅದನ್ನೂ ತೋರಿಸ್ತಾ ನಿಮ್ ಮಷೀನು?"

ನನ್ನ ಕಿವಿ ಬಿಸಿಯಾಯಿತು. ಎಣ್ಣೆಯ ತಗ್ಗೂ ಅದೇ ಆಸುಪಾಸಿನಲ್ಲಿ ಬೀಳುತ್ತದೆ. ಮಂಡಿಕಲ್ಲಿನ ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಗೂಡು ಮಾರಿದ ಮೇಲೆ ಮುಂದೇನಾಗುತ್ತದೆಂದು ನಾನೆಂದೂ ಕೇಳಿದವಳಲ್ಲ.

ನೂಲನ್ನು ಎಣ್ಣೆ ಬಿಡುವಂತೆ ದ್ರಾವಕದಲ್ಲಿ ತೊಳೆದು ಒಣಗಲು ಇಟ್ಟೆ. ಅಷ್ಟೂ ಹೊತ್ತು ಕಿಟಕಿಗೂ ಮೇಜಿಗೂ ತಿರುಗಾಡಿದೆ. ನಡುವೆ ಎರಡು ಸಲ ಮುಟ್ಟಿ ನೋಡಿದೆ, ಇನ್ನೂ ಒದ್ದೆ. ಚಾಚಾ ನಿಂತಲ್ಲಿಂದ ಅಲ್ಲಾಡಲಿಲ್ಲ. ಕೊನೆಗೆ ಯಂತ್ರಕ್ಕೆ ಇಟ್ಟು ಒತ್ತಿದರೆ ಆ ತಗ್ಗು ಇರಲೇ ಇಲ್ಲ. ಅಪ್ಪಟ ರೇಷ್ಮೆ.

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅವರೆದುರೇ ಸ್ಪೀಕರ್ ಹಾಕಿ ವ್ಯಾಪಾರಿಗೆ ಫೋನ್ ಮಾಡಿ, ತಪ್ಪು ನನ್ನದೆಂದು ಹೇಳಿದೆ.

"ಅಯ್ಯೋ ಮೇಡಂ, ನಿನ್ನೇನೇ ಬಜಾರಲ್ಲಿ ಎಲ್ರಿಗೂ ಹೇಳ್ಬಿಟ್ನಲ್ಲ!" ಎಂದರು ವ್ಯಾಪಾರಿ.

ಹೊಸ ವರದಿಗೆ ಸಹಿ ಹಾಕಿ ಚಾಚಾರ ಕೈಗೆ ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದನ್ನ ಹಿಡ್ಕೊಂಡು ಎಷ್ಟು ಅಂಗಡಿ ಮೆಟ್ಲು ಹತ್ಲಮ್ಮ ನಾನು?"