ನಾಲ್ಕು ಕೈಯ ದೇವರು, ಎರಡು ಬಟನ್

ದಿಲ್ಲಿ ಹತ್ತಿರದ ಮಾನೇಸರಿನ ನಮ್ಮ ಕಾರ್ಖಾನೆಯಲ್ಲಿ ವಿಶ್ವಕರ್ಮ ಪೂಜೆಯ ದಿನ ಮಷೀನುಗಳಿಗೆ ರಜೆ. ಊರಲ್ಲಿ ಆಯುಧಪೂಜೆಗೆ ಮಾಡುವುದನ್ನೆಲ್ಲ ಇಲ್ಲಿ ಸೆಪ್ಟೆಂಬರಿನಲ್ಲೇ ಮಾಡಿ ಮುಗಿಸುತ್ತಾರೆ. ಎಣ್ಣೆ ಒರೆಸಿ, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದ, ತಗಡು ಒತ್ತುವ ಪ್ರೆಸ್ಸುಗಳು ಸುಮ್ಮನೆ ನಿಂತಿರುತ್ತವೆ. ಆ ಮೌನದಲ್ಲೇ ಅವುಗಳ ಪೆಟ್ಟು ನನಗೆ ಹೆಚ್ಚು ಕೇಳಿಸುವುದು.

ಗೋಡೆಯ ಪಟದಲ್ಲಿ ದೇವರಿಗೆ ನಾಲ್ಕು ಕೈ: ಪುಸ್ತಕ, ಕಮಂಡಲು, ಅಳತೆಕೋಲು, ಸುತ್ತಿಗೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಪುಸ್ತಕದ ಕೈಯ ಹಂಗಿರಲಿಲ್ಲ. ಸುತ್ತಿಗೆಯ ಕೈ ನನ್ನದು ಅಂದುಕೊಂಡಿದ್ದೆ. ಇಡೀ ಶೆಡ್ಡಿನಲ್ಲಿ ನನ್ನಷ್ಟು ಪೀಸ್ ತೆಗೆಯುವವನು ಇನ್ನೊಬ್ಬನಿರಲಿಲ್ಲ.

ಹೇಗೆ ತೆಗೆಯುತ್ತಿದ್ದೆ ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಪ್ರೆಸ್ಸಿಗೆ ಎರಡು ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರೇ ಅದು ಇಳಿಯುವುದು. ಯಾವ ಕೈಯೂ ಅದರ ಬಾಯೊಳಗೆ ಉಳಿಯಬಾರದಲ್ಲ. ನಾನು ಬಲಗಡೆಯದು ಒತ್ತಿಕೊಂಡೇ ಇರುವಂತೆ ಅದಕ್ಕೆ ಮರದ ಚಕ್ಕೆ ಸಿಕ್ಕಿಸಿ ಒಂದೇ ಕೈಯಲ್ಲಿ ಓಡಿಸುತ್ತಿದ್ದೆ. ಒಂದು ದಿನ ಶಿಫ್ಟ್ ಮುಗಿಸಿ ಹೋಗುವಾಗ ಚಕ್ಕೆ ತೆಗೆಯಲು ಮರೆತೆ. ನನ್ನ ನಂತರ ಬಂದವನು ನಮ್ಮ ಕಡೆಯವನೇ, ಎರಡು ಮಕ್ಕಳ ತಂದೆ. ಬಲಗೈಯಲ್ಲಿ ತಗಡು ಸರಿಮಾಡುತ್ತ ಎಡಗೈಯನ್ನು ಬಟನ್ ಮೇಲಿಟ್ಟನಂತೆ. ಮೂರು ಬೆರಳು ಹೋದವು. ಚಕ್ಕೆ ಅವನೇ ಇಟ್ಟದ್ದೆಂದು ಬರೆದುಕೊಂಡರು. ನಾನು ಬಾಯಿ ಬಿಡಲಿಲ್ಲ. ಅವನನ್ನು ಪ್ರೆಸ್ಸಿನಿಂದ ತೆಗೆದು ಸ್ಟೋರಿನ ಕೆಲಸಕ್ಕೆ ಹಾಕಿದರು.

ಅಂದಿನಿಂದ ಮನೆಯಲ್ಲಿ ಫ್ಯಾನಿನ ಸ್ವಿಚ್ ಒತ್ತುವಾಗಲೂ ನನ್ನ ಇನ್ನೊಂದು ಕೈ ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ.

ಈ ವರ್ಷ ಪೂಜೆಯಾದ ಮೇಲೆ ಅದೇ ಪ್ರೆಸ್ಸಿನ ಮೊದಲ ಪೆಟ್ಟು ಅವನ ಕೈಯಿಂದಲೇ ಆಗಲಿ ಎಂದರು ಸೂಪರ್‌ವೈಸರ್. ಶೆಡ್ಡಿನವರೆಲ್ಲ ಸುತ್ತ ನಿಂತಿದ್ದರು. ಅವನು ಪಟದ ಕಡೆ ನೋಡಿ ನಕ್ಕ. "ನಾಲ್ಕು ಇಟ್ಕೊಂಡಿದಾನೆ, ಒಂದು ಕೊಡಲ್ಲ ನೋಡು." ಆಮೇಲೆ ನನ್ನನ್ನು ಕರೆದ. "ಬಾ ಅಣ್ಣಾ. ಒಂದು ಬಟನ್ ನೀನು, ಒಂದು ನಾನು."

ಉಳಿದೆರಡು ಬೆರಳಿನ ಬಲಗೈಯನ್ನೇ ಅವನು ಎಡಗಡೆಯ ಬಟನ್ ಮೇಲಿಟ್ಟ. ನನ್ನ ಪಾಲಿಗೆ ಬಂದದ್ದು ಬಲಗಡೆಯದು. ಅದರ ಅಂಚಿನಲ್ಲಿ ಚಕ್ಕೆ ಉಜ್ಜಿದ ಗೆರೆ ಇನ್ನೂ ಇತ್ತು, ಅವನು ಹಚ್ಚಿದ ಕುಂಕುಮ ಅದರೊಳಗೆ ಇಳಿದಿತ್ತು. ಕೈ ಎತ್ತಿದೆ, ಇಳಿಸಲಾಗಲಿಲ್ಲ.

"ಅವತ್ತು ಚಕ್ಕೆ ಇಟ್ಟಿದ್ದು ನಾನು," ಅಂದೆ, ಅವನಿಗಷ್ಟೇ ಕೇಳುವಂತೆ.

ಅವನು ನನ್ನ ಕಡೆ ತಿರುಗಲಿಲ್ಲ.

"ಗೊತ್ತು ಅಣ್ಣಾ. ನನಗಲ್ಲ, ಅಲ್ಲಿ ನಿಂತಿದಾರಲ್ಲ, ಅವರಿಗೆ ಹೇಳು. ಹಿಂದೀಲಿ ಹೇಳು, ಎಲ್ಲರಿಗೂ ತಿಳೀಲಿ."

ಹೇಳಿದೆ. ನನ್ನ ಮಾತು ಮುಗಿಯುವವರೆಗೂ ಅವನು ಬಟನ್ ಮೇಲಿಂದ ಆ ಕೈ ತೆಗೆಯಲಿಲ್ಲ.