ಕಿಟ್ಲಿಯ ವಿರುದ್ಧ ತಂದ ಮಷಿನ್

ದೊಡ್ಡ ಅಕ್ಕೋರ ಬಲಗೈಯಲ್ಲಿ ಎರಡು ಬಂಗಾರದ ಪಾಟ್ಲಿಗಳಿದ್ದವು. ಬಿಸಿನೀರಿನ ಕಿಟ್ಲಿ ಎತ್ತಿದಾಗ ಅವು ಮೊಣಕೈ ಕಡೆಗೆ ಜಾರಿ ಕಿಣ್ ಎನ್ನುತ್ತಿದ್ದವು, ಬಗ್ಗಿಸಿದಾಗ ಮತ್ತೆ ಮಣಿಕಟ್ಟಿಗೆ ಬಂದು ಕೂಡುತ್ತಿದ್ದವು. ಹೆಬ್ಬೆರಳಿನ ಬುಡದಲ್ಲಿ ಉಗಿ ತಾಗಿ ಸುಟ್ಟ ಒಂದು ಕಲೆ, ನಾಣ್ಯದಷ್ಟು ಅಗಲ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಆ ಕೈ ನೆನಪಾದರೆ ನನಗೆ ಇವತ್ತಿಗೂ ಹಲ್ಲು ಕಚ್ಚಿಕೊಳ್ಳುವಂತಾಗುತ್ತದೆ. ಕೈ ಮಣ್ಣಾಗಿದೆ. ಹಲ್ಲು ನನ್ನವೇ, ಇನ್ನೂ ಗಟ್ಟಿ ಇವೆ.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಇಬ್ಬರಿದ್ದರೆ ಹಿರಿಯರು ದೊಡ್ಡ ಅಕ್ಕೋರು, ಕಿರಿಯಳು ಸಣ್ಣ ಅಕ್ಕೋರು. ಹುಕ್ಕೇರಿ ತಾಲೂಕಿನಲ್ಲಿ, ಘೋಡಗೇರಿ ದಾರಿಯ ಒಂದು ಹೈಸ್ಕೂಲಿಗೆ ನಾನು ಸಣ್ಣ ಅಕ್ಕೋರಾಗಿ ಸೇರಿದ ದಿನ, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತವಳನ್ನು ಅವರು ಕನ್ನಡಕದ ಮೇಲಿಂದ ನೋಡಿದರು. ಗುರುತು ಹಿಡಿಯಲು ತಡವಾಗಲಿಲ್ಲ.

“ಬಂದಿ? ಹಂಗಾರ ಕುರಿ ಯಾರ ಕಾಯಾಕತ್ತಾರು?”

ಅವರು ನನಗೆ ಹೊಸಬರಲ್ಲ. ನಾನು ಮಮದಾಪುರದವಳು, ಕುರಿಗಾರರ ಮಗಳು. ಕೊಣ್ಣೂರಿನ ಹೈಸ್ಕೂಲಿನಲ್ಲಿ ಓದುವಾಗ ಅವರೇ ನಮಗೆ ವಿಜ್ಞಾನ ಕಲಿಸುತ್ತಿದ್ದರು, ಆಮೇಲೆ ಈ ಸಾಲಿಗೆ ವರ್ಗವಾಗಿದ್ದರು. ಒಂಬತ್ತನೆಯ ತರಗತಿಯಲ್ಲಿ ಒಂದು ದಿನ ಉತ್ತರ ಹೇಳಲು ತಡವರಿಸಿದೆ. ಕುರಿಯ ಮೈಗೆ ಕಚ್ಚಿ ರಕ್ತ ಹೀರುವ ಹುಳಕ್ಕೆ ಉಣ್ಣಿ ಎನ್ನುತ್ತೇವಲ್ಲ, ಅದನ್ನು ನೆನಪಿಸಿಕೊಂಡು ಅವರು ಇಡೀ ಕ್ಲಾಸಿಗೆ ಕೇಳುವ ಹಾಗೆ ಹೇಳಿದರು: “ಇವರ ಮನಿಯವರಿಗೆ ಉಣ್ಣಿ ಹತ್ತತಾವು, ಅಕ್ಷರ ಹತ್ತಂಗಿಲ್ಲ.” ಕ್ಲಾಸು ನಕ್ಕಿತು. ನನ್ನ ಬಾಜೂ ಕೂತಿದ್ದ ಗೆಳತಿಯೂ ನಕ್ಕಳು. ಅವತ್ತಿನಿಂದ ನಾನು ಓದಿದ ಪ್ರತಿ ಪುಟ ಆ ನಗೆಗೆ ಕೊಟ್ಟ ಉತ್ತರ. ಗೋಕಾಕದಲ್ಲಿ ಡಿಗ್ರಿ ಮುಗಿಸಿದೆ, ಬಿ.ಎಡ್. ಮಾಡಿದೆ. ನಮ್ಮ ವಂಶದಲ್ಲಿ ಪದವಿ ಎಂಬುದನ್ನು ಮುಟ್ಟಿದ ಮೊದಲ ಕೈ ನನ್ನದು. ಅಪ್ಪ ಆ ಸರ್ಟಿಫಿಕೇಟನ್ನು ಕಂಬಳಿಯ ಮೇಲೆ ಹಾಸಿಕೊಂಡು, ಓದಲು ಬಾರದೆ, ಸುಮ್ಮನೆ ಸವರುತ್ತ ಕೂತಿದ್ದ.

ಇಷ್ಟೆಲ್ಲ ಮಾಡಿ ಬಂದರೆ, ಸ್ಟಾಫ್ ರೂಮಿನಲ್ಲಿ ನನ್ನ ಜಾಗ ಕಿಟ್ಲಿಯ ತಳದಲ್ಲಿತ್ತು.

ಅದು ಕರೆಂಟಿನ ಸ್ಟೀಲ್ ಕಿಟ್ಲಿ, ಸಾಲಿಯದ್ದೇ. ಆದರೆ ಇರುತ್ತಿದ್ದದ್ದು ದೊಡ್ಡ ಅಕ್ಕೋರ ಟೇಬಲ್ಲಿನ ಮೇಲೆ, ಪ್ಲಗ್ ಅವರ ಕುರ್ಚಿಯ ಹಿಂದೆ. ಪಾಠ ಮಾಡುವವರಿಗೆ ಬಿಸಿನೀರು ಬೇಕೇ ಬೇಕು. “ಗಂಟಲ ಒಣಗಿದ್ರ ಮಾತ ಒಣಗತೈತಿ” ಎಂದು ಅವರೇ ಹೇಳುತ್ತಿದ್ದರು. ಪಿರಿಯಡ್ಡುಗಳ ನಡುವಿನ ಸಣ್ಣ ಸುಟ್ಟಿಯಲ್ಲಿ ಎಲ್ಲರೂ ಕಪ್ಪು ಹಿಡಿದು, ಒಳಗೆ ಪಾಕೀಟಿನ ಚಹಾಪುಡಿ ಸುರಿದುಕೊಂಡು ಕೂಡಬೇಕು. ಅವರು ಎದ್ದು ಸುರಿಯಬೇಕು. ಮೊದಲು ಹೆಡ್ ಸರ್, ಆಮೇಲೆ ಅವರ ಮನಸ್ಸಿಗೆ ಬಂದ ಕ್ರಮ. ನಾನು ಯಾವತ್ತೂ ಕೊನೆ. ಎಲ್ಲರ ಕಪ್ಪುಗಳನ್ನು ಆಯಾ ತೊಳೆಯುತ್ತಿದ್ದಳು. ನನಗೊಂದು ಬೇರೆ ಗ್ಲಾಸು, ಕಿಟಕಿಯ ಕಟ್ಟೆಯ ಮೇಲೆ. “ನಿನ್ನದು ನೀನ ತೊಳಕೋ ಹಾ. ಆಯಾಗ ಭಾಳ ಕೆಲಸ ಆಗತೈತಿ.”

ನಮ್ಮ ಬೋರಿನ ನೀರು ಗಡಸು. ಕಾಯಿಸಿ ಕಾಯಿಸಿ ಕಿಟ್ಲಿಯ ಒಳಗೆ ಬಿಳಿ ಪದರು ಕಟ್ಟಿತ್ತು, ತಳದ ನೀರಿನಲ್ಲಿ ಅದರ ಚೂರುಗಳು ತೇಲುತ್ತಿದ್ದವು. ಕೊನೆಯ ಕಪ್ಪು ಯಾರದೋ, ಚೂರುಗಳೂ ಅವರವೇ.

“ಅಕ್ಕೋರ, ಇದರಾಗ ಸುಣ್ಣ ಐತ್ರಿ,” ಅಂದೆ ಒಂದು ಸಲ.

“ಎಲುವಿಗೆ ಚಲೋ. ಕುಡಿ.”

ಗಡಸು ನೀರು ಕಾಯಿಸಿದರೆ ಸುಣ್ಣ ಯಾಕೆ ಕೂಡುತ್ತದೆ ಎಂದು ನನಗೆ ಕಲಿಸಿದವರೂ ಅವರೇ. ಚೆನ್ನಾಗಿಯೇ ಕಲಿಸಿದ್ದರು, ಸುಳ್ಳು ಹೇಳಲಾರೆ. ಕೊಣ್ಣೂರಿನಿಂದ ಬಸ್ಸು ಹಿಡಿದು ಬಂದರೂ ಪ್ರಾರ್ಥನೆಗೆ ಒಂದು ದಿನ ತಡ ಮಾಡಿದವರಲ್ಲ. ಜ್ವರ ಬಂದ ಮಗುವಿಗೆ ತಮ್ಮ ಡಬ್ಬಿಯ ಅನ್ನ ಕಲಸಿ ತಿನ್ನಿಸುತ್ತಿದ್ದರು. ಹುಡುಗರು ಅವರಿಗೆ ಹೆದರುತ್ತಿದ್ದರು, ಪಾಲಕರು ಅವರ ಕಾಲು ಮುಟ್ಟುತ್ತಿದ್ದರು. ಇದನ್ನೆಲ್ಲ ನೋಡಿ ನನ್ನ ಸಿಟ್ಟು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಒಳ್ಳೆಯದು ಮಾಡಲು ಬರುತ್ತಿತ್ತು ಅವರಿಗೆ. ನನ್ನ ಪಾಲಿಗೆ ಬೇಕಂತಲೇ ಮಾಡಲಿಲ್ಲ.

ನಾನು ಜಗಳವಾಡಲಿಲ್ಲ. ಪಗಾರ ಕೈಗೆ ಬಂದ ಮೇಲೆ ಮೂಡಲಗಿಯ ಒಂದು ಅಂಗಡಿಗೆ ಹೋದೆ. ಅಲ್ಲಿ ಕಟ್ಟೆಯ ಮೇಲಿಡುವ ಬಿಸಿನೀರಿನ ಮಷಿನ್ ಇತ್ತು. ಹಿಂದಿನ ಟಾಕಿಯಲ್ಲಿ ತಣ್ಣೀರು ತುಂಬಬೇಕು, ಮುಂದೆ ಕಪ್ಪು ಹಿಡಿದು ಒತ್ತಬೇಕು. ಕಾಯುವ ಮಾತಿಲ್ಲ, ಒಬ್ಬರು ಎತ್ತಿ ಸುರಿಯುವ ಮಾತಿಲ್ಲ. ನೋಡಿದ ಕೂಡಲೇ ಇದೇ ಎಂದುಕೊಂಡೆ.

“ಮನಿಗೇನ್ರಿ ಅಕ್ಕೋರ?” ಅಂಗಡಿಯವನು ಕೇಳಿದ.

“ಇಲ್ರಿ, ಸಾಲಿಗಿ. ನಾನ ಕೊಡಾಕತ್ತೇನಿ.”

“ದೇಣಿಗಿ ಅನ್ರಿ ಹಂಗಾರ. ಯಾರದರ ನೆನಪಿಗೇನ್ರಿ? ಹೆಸರ ಬರಸಿ ಕೊಡ್ತೇವ್ರಿ.”

“ನೆನಪಿಗೆ ಖರೆ. ಆದ್ರ ಅವರಿನ್ನೂ ಜೀವಂತ ಇದ್ದಾರು.”

ಅವನು ಪೆನ್ನು ಕೆಳಗಿಟ್ಟ.

ಮಷಿನ್ ಸ್ಟಾಫ್ ರೂಮಿಗೆ ಬಂದಾಗ ದೊಡ್ಡ ಅಕ್ಕೋರಿಗೆ ಅದೇನೆಂದು ತಿಳಿಯಲು ಹೊತ್ತು ಬೇಕಾಗಲಿಲ್ಲ. ಆದರೆ ಅವರೂ ಸುಮ್ಮನೆ ಸೋಲುವವರಲ್ಲ. “ಹೊಸಾ ಸಾಮಾನ, ಪೂಜಿ ಮಾಡಲಾರದ ಹೆಂಗ ಮುಟ್ಟೂದು?” ಎಂದು ತಾವೇ ಮುಂದೆ ನಿಂತರು. ವಿಭೂತಿ ಕಲಸಿ ಮಷಿನ್ನಿನ ಮುಖದ ತುಂಬ ಮೂರು ಬೆರಳಿನ ಪಟ್ಟೆ ಎಳೆದರು, ಕುಂಕುಮ ಇಟ್ಟರು, ಟಾಕಿಗೆ ಸೇವಂತಿಗೆ ಮಾಲೆ ಸುತ್ತಿದರು. ಪಿ.ಟಿ. ಸರ್ ನಗು ತಡೆಯದೆ, “ಉಡೀನೂ ತುಂಬಿ ಬಿಡ್ರಿ ಅಕ್ಕೋರ, ಅದೊಂದ ಉಳದೈತಿ” ಅಂದರು. ದೊಡ್ಡ ಅಕ್ಕೋರು ನಗಲಿಲ್ಲ. “ಅಮಾಸಿ ದಿನಾ ಚಾಲೂ ಮಾಡೂಣು. ಅಲ್ಲೀತನಕಾ ಯಾರೂ ಕೈ ಹಚ್ಚಬ್ಯಾಡ್ರಿ” ಎಂದು ಹೆಡ್ ಸರ್ ಬಾಯಿಂದಲೂ ಹೂಂ ಅನ್ನಿಸಿಕೊಂಡರು. ದೇವರ ಹೆಸರು ಬಂದ ಮೇಲೆ ಎದುರು ಮಾತಾಡುವವರು ಯಾರು? ಅಮಾವಾಸ್ಯೆ ದೂರವಿತ್ತು. ಮಾಲೆ ಒಣಗಿತು, ಮಷಿನ್ ಗದ್ದುಗೆಯ ಹಾಗೆ ಕೂತಿತ್ತು, ಕಿಟ್ಲಿ ಆಳುತ್ತಿತ್ತು. ನಾನು ಸುಣ್ಣ ಕುಡಿಯುತ್ತ ಕಾದೆ.

ಅಮಾವಾಸ್ಯೆ ಬಂತು. ಎಲ್ಲರೂ ಕಪ್ಪು ಹಿಡಿದು ನಿಂತರು. ಸ್ವಿಚ್ ಹಾಕಿದರೆ ದೀಪ ಹತ್ತಿತು, ಒತ್ತಿದರೆ ನೀರಿಲ್ಲ. ಹೆಡ್ ಸರ್ ಒತ್ತಿದರು, ಪಿ.ಟಿ. ಸರ್ ಒತ್ತಿದರು.

“ಕೆಟ್ಟೈತಿ,” ಅಂದರು ದೊಡ್ಡ ಅಕ್ಕೋರು. ಆ ದನಿಯಲ್ಲಿದ್ದ ಸಂತೋಷವನ್ನು ನಾನು ಮರೆಯಲಾರೆ.

ಕೆಟ್ಟಿರಲಿಲ್ಲ. ಅದರ ಗುಂಡಿಗಳು ಬೆರಳು ತಾಗಿದರೆ ಕೆಲಸ ಮಾಡುವಂಥವು. ಒಣಗಿದ ವಿಭೂತಿಯ ದಪ್ಪ ಪದರು ಅವುಗಳನ್ನು ಮುಚ್ಚಿತ್ತು. ನಾನು ಮುಂದೆ ಹೋಗಿ ಸೆರಗಿನ ತುದಿಯಿಂದ ಒರೆಸತೊಡಗಿದೆ.

“ಏ! ವಿಭೂತಿ ಒರಸ್ತೀ?”

“ಚೆಲ್ಲಾಂಗಿಲ್ರಿ ಅಕ್ಕೋರ,” ಎಂದು ಬೆರಳಿಗೆ ಬಂದ ಪುಡಿಯನ್ನು ಹಣೆಗೆ ಹಚ್ಚಿಕೊಂಡೆ. “ನನಗ ಇರ್ಲಿ.”

ಬೀಗದ ಚಿತ್ರವಿದ್ದ ಗುಂಡಿಯನ್ನು ಒತ್ತಿ ಹಿಡಿದೆ, ಆಮೇಲೆ ಕೆಂಪು ಗುಂಡಿ. ಉಗಿಯಾಡುವ ನೀರು ನನ್ನ ಗ್ಲಾಸಿಗೆ ಬಿತ್ತು. ಎಲ್ಲರಿಗಿಂತ ಮೊದಲು, ಎಲ್ಲರ ಎದುರಿಗೆ, ನಿಂತುಕೊಂಡೇ ಕುಡಿದೆ. ನಾಲಿಗೆ ಸುಟ್ಟಿತು. ಸುಡಲಿ ಅಂದುಕೊಂಡೆ.

ಎರಡೂ ಒಟ್ಟಿಗೆ ಹಾಕಿದರೆ ಫ್ಯೂಜ್ ಹೋಗುತ್ತದೆಂದು ಹೆಡ್ ಸರ್ ಕಿಟ್ಲಿಯನ್ನು ಕಪಾಟಿನಲ್ಲಿಡಿಸಿದರು. ಮಷಿನ್ನಿನೊಡನೆ ಬದುಕುವುದಕ್ಕೂ ಅದರದೇ ಕಿರಿಕಿರಿಗಳಿದ್ದವು. ಕರೆಂಟ್ ಹೋದರೆ ಅದು ಬರೀ ಡಬ್ಬಿ. ಟಾಕಿ ಖಾಲಿಯಾದರೆ ಕುಂಯ್ ಕುಂಯ್ ಎಂದು ಒದರುತ್ತಿತ್ತು. ನೀರು ನಿಂತ ಮೇಲೂ ನಾಲ್ಕು ಹನಿ ಉದುರಿಸಿ ಕಟ್ಟೆ ಒದ್ದೆ ಮಾಡುತ್ತಿತ್ತು. ಅದರ ಹೊಟ್ಟೆಯಲ್ಲೂ ಸುಣ್ಣ ಕಟ್ಟುತ್ತಿತ್ತು; ಲಿಂಬಿಹಣ್ಣಿನ ರಸ ಹಾಕಿ ತೊಳೆಯುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಆದರೆ ಅದಕ್ಕೆ ಹಿರಿಯರು ಕಿರಿಯರು ಗೊತ್ತಿರಲಿಲ್ಲ. ಆಯಾ ಕೂಡ ಹೆಡ್ ಸರ್ ಹಿಂದೆ ಲೋಟ ಹಿಡಿದು ನಿಲ್ಲತೊಡಗಿದಳು.

ದೊಡ್ಡ ಅಕ್ಕೋರಿಗೆ ಆ ಬೀಗ ತಿಳಿಯಲಿಲ್ಲ. ಮಕ್ಕಳು ಕೈ ಸುಟ್ಟುಕೊಳ್ಳಬಾರದೆಂದು ಇಟ್ಟದ್ದು ಅದು. ಒತ್ತಿ ಹಿಡಿಯದಿದ್ದರೆ ತಣ್ಣೀರೇ ಬರುತ್ತದೆ. ಯಾರೂ ಇಲ್ಲದಾಗ ಬಂದು ಅವರು ಬರೀ ಕೆಂಪು ಗುಂಡಿ ಒತ್ತುತ್ತಿದ್ದರು, ತಣ್ಣೀರು ತುಂಬಿಕೊಂಡು, ಬಿಸಿಯಿದ್ದ ಹಾಗೆ ಊದಿಕೊಂಡು ಕುಡಿಯುತ್ತಿದ್ದರು. ವರಾಂಡದಿಂದ ನಾನು ನೋಡಿದ್ದೇನೆ. ಹೇಳಿಕೊಡಲಿಲ್ಲ. ವಿಜ್ಞಾನ ಕಲಿಸುವವರ ಗಂಟಲು ಕೂತು, ಏಳನೆಯ ಪಿರಿಯಡ್ಡಿಗೆ ದನಿ ಹೊರಡದೆ ಬೋರ್ಡಿನ ಮೇಲೆ ಬರೆದು ಬರೆದು ತೋರಿಸಿದ ದಿನ ನನಗೆ ಹೋಳಿಗೆ ಉಂಡಷ್ಟು ಹಿತವಾಯಿತು.

ಕೊನೆಗೆ ಒಂದು ದಿನ ಸ್ಟಾಫ್ ರೂಮು ತುಂಬಿದ್ದಾಗಲೇ ಕರೆದರು. “ಏ, ಇದರದ ಹೆಂಗಂತ ತೋರಸ ಬಾ.”

ನಾನು ಕೂತಲ್ಲಿಂದ ಏಳದೆ ಹೇಳಿದೆ: “ಬಿಡ್ರಿ ಅಕ್ಕೋರ. ಕೆಲವರಿಗೆ ಹತ್ತಂಗಿಲ್ರಿ.”

ಚೇಷ್ಟೆಯೆಂದು ತಿಳಿದು ಎಲ್ಲರೂ ನಕ್ಕರು. ಪಿ.ಟಿ. ಸರ್ ಸಹಾಯಕ್ಕೆ ಎದ್ದರು. “ಕೂಡ್ರಿ ಸರ,” ಅಂದರು ದೊಡ್ಡ ಅಕ್ಕೋರು. ಅವರೊಬ್ಬರೇ ನಕ್ಕಿರಲಿಲ್ಲ. ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು: ಅವರಿಗೆ ನೆನಪಿದೆ, ಎಲ್ಲ ನೆನಪಿದೆ. ಇಷ್ಟು ವರ್ಷ ನನ್ನೊಬ್ಬಳದೇ ಆಗಿದ್ದ ಉಣ್ಣಿಯ ಮಾತು ಅವರದೂ ಆಯಿತು. ಮರುದಿನದಿಂದ ಮನೆಯಿಂದ ಥರ್ಮಾಸ್ ತಂದರು. ನಿವೃತ್ತಿಯಾಗುವ ತನಕ ಆ ಮಷಿನ್ನಿನ ಕಡೆ ತಿರುಗಿ ನೋಡಲಿಲ್ಲ.

ಇದಾಗಿ ಕೆಲವು ವರ್ಷಗಳ ಮೇಲೆ ಅವರ ಸೊಸೆ ಫೋನ್ ಮಾಡಿದಳು. “ನಮ್ಮ ಅತ್ತಿಯವರಿಗೆ ಆರಾಮಿಲ್ರಿ. ನಿಮ್ಮನ್ನ ನೋಡಬೇಕಂತಾರು.” ನಾನು ಕೊಣ್ಣೂರಿಗೆ ಹೋದೆ. ಮರುಕದಿಂದಲ್ಲ. ತಪ್ಪಾಯಿತು ಎಂಬ ಮಾತನ್ನು ಅವರ ಬಾಯಿಂದ ಕೇಳಬೇಕಿತ್ತು, ಅದಕ್ಕೆ.

ಅವರ ಅಡಿಗೆಮನೆಯ ಕಟ್ಟೆಯ ಮೇಲೆ ಅದೇ ತರಹದ ಮಷಿನ್ ಇತ್ತು. ಸೊಸೆ ದನಿ ತಗ್ಗಿಸಿ ಹೇಳಿದಳು: “ಅತ್ತಿಯವರು ತಾವ ಹಟಾ ಹಿಡದ ತರಿಸಿದ್ರು. ತಾವ ಕಲತ್ರು. ಈಗ ನಮಗ ಮುಟ್ಟಾಕ ಕೊಡಂಗಿಲ್ರಿ. ಚಹಾ ಬೇಕಂದ್ರ ಅವರನ್ನ ಕೇಳಬೇಕು.”

ನನಗೆ ನಗು ಬಂತು. ಮಂಚದ ಮೇಲಿಂದ ದನಿ ಬಂತು, ಸಣ್ಣಗಾಗಿತ್ತು, ಖಾರ ಹೋಗಿರಲಿಲ್ಲ.

“ಇಕಿ ನನ್ನ ವೈರಿ. ಮೊದಲ ಇಕಿಗೆ ಚಹಾ ಕೊಡು.”

ಕುಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಕೈಯಲ್ಲಿ ಪಾಟ್ಲಿ ಇರಲಿಲ್ಲ, ಸಡಿಲಾಗಿ ತೆಗೆದಿಟ್ಟಿದ್ದರಂತೆ.

“ಮಾಫಿ ಕೇಳ್ತಾಳ ಮುದುಕಿ ಅಂತ ಬಂದೀಯೇನು?”

“ಹೌದ್ರಿ.”

“ಕೇಳಂಗಿಲ್ಲ.”

“ಬ್ಯಾಡ್ರಿ. ನಾನೂ ಕೇಳಂಗಿಲ್ಲ.”

“ಹಂಗಾರ ಬರೋಬ್ಬರಿ ಆತು,” ಎಂದು ಗೋಡೆಯ ಕಡೆ ಹೊರಳಿದರು. ಆ ಕ್ಷಣದಲ್ಲಿ, ಒಪ್ಪಿಕೊಳ್ಳಲು ಕಷ್ಟ, ಅವರು ನನಗೆ ಇಷ್ಟವಾದರು. ಸರಿಸಮ ಎಂದು ಅವರು ನನ್ನನ್ನು ಕರೆದದ್ದು ಅದೊಂದೇ ಸಲ.

ಸ್ವಲ್ಪ ದಿನಗಳಲ್ಲೇ ತೀರಿಕೊಂಡರು. ಅವರ ದಿವಸದ ಊಟಕ್ಕೆ ಹೋದಾಗ ಮಗ ಬಂದು, “ಅವ್ವ ಕಲಿಸಿದವರೊಳಗ ನೀವ ಮುಂದ ಬಂದವರು. ನಾಕ ಮಾತ ಆಡ್ರಿ” ಎಂದು ಮೈಕ್ ಕೊಟ್ಟ. ಸತ್ತವರ ಮನೆಯಲ್ಲಿ ಏನಾಡಬೇಕು, ಏನಾಡಬಾರದು ನನಗೂ ಗೊತ್ತು. ಆದರೂ ಉಣ್ಣಿಯ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅದು ಸುಳ್ಳೆಂದು ತೋರಿಸಲಿಕ್ಕೇ ಡಿಗ್ರಿ ಮುಗಿಸಿದೆ, ಆದ್ದರಿಂದ ನನ್ನ ಡಿಗ್ರಿಯಲ್ಲಿ ಅವರ ಪಾಲಿದೆ, ಅಂದೆ. ಮೈಕ್ ಕೆಳಗಿಟ್ಟೆ. ಮಗ ತಲೆ ಎತ್ತಲಿಲ್ಲ. ನನಗೆ ಹಗುರಾಗಿತ್ತು. ಮುಗಿಯಿತು, ತೀರಿತು, ಇನ್ನು ಬೇಕಾದರೆ ಕ್ಷಮಿಸಲೂಬಹುದು ಎಂದುಕೊಂಡೆ.

ಊಟ ಮಾಡಿ ಕೈ ತೊಳೆಯುವಾಗ ಒಬ್ಬ ಹೆಂಗಸು ಬಾಜೂ ಬಂದು ನಿಂತಳು. ನನ್ನದೇ ವಯಸ್ಸು, ತಲೆ ತುಂಬ ಸೆರಗು, ಕೈ ಕಬ್ಬಿನ ಗದ್ದೆಯಲ್ಲಿ ಒರಟಾದವು.

“ನಾನೂ ಅಕ್ಕೋರ ಕೈಯಾಗ ಕಲತಾಕಿರಿ. ನಿಮಕಿಂತಾ ಒಂದ ಕ್ಲಾಸ ಕೆಳಗ.”

“ಎಲ್ಲೀತನಕಾ ಕಲತಿ?”

“ಎಂಟನೇತ್ತಾ. ನಮ್ಮಪ್ಪಗ ಕರಸಿ ಹೇಳಿದ್ರು, ಇಕಿ ತಲಿ ಓದಾಕ ಬರೂದಲ್ಲ, ಲಗ್ನಾ ಮಾಡಿ ಬಿಡ್ರಿ ಅಂತ.” ಆಕೆ ಸೆರಗಿಗೆ ಕೈ ಒರೆಸಿಕೊಂಡಳು. ದನಿಯಲ್ಲಿ ಸಿಟ್ಟಿನ ಹೆಸರಿರಲಿಲ್ಲ. “ಅಷ್ಟ ಶಾಣ್ಯಾ ಅಕ್ಕೋರ. ಅವರ ಅಂದಮ್ಯಾಲ ಖರೇನ ಇರಬೇಕ ಬಿಡು ಅಂತ ತಿಳದಿದ್ದೆ. ಇವತ್ತ ನೀವ ಮಾತಾಡಿದ್ದ ಕೇಳೀನ ಗೊತ್ತಾತ್ರಿ, ಅವರು ಎಲ್ಲಾರಿಗೂ ಹಂಗ ಅಂತಿದ್ರು ಅಂತ.”

ಆಕೆ ಒಳಗೆ ಹೋಗಿ ಫೋಟೋಕ್ಕೆ ಕೈ ಮುಗಿದು ಬಂದಳು, ಗಂಡ ಗಾಡಿ ಚಾಲೂ ಮಾಡಿ ಕಾಯುತ್ತಿದ್ದ, ಹಿಂದೆ ಕೂತು ಹೊರಟುಹೋದಳು.

ನಾನು ಅವರನ್ನು ದ್ವೇಷಿಸಿ ಓದಿದೆ. ಆಕೆ ಅವರನ್ನು ನಂಬಿ ಸಾಲಿ ಬಿಟ್ಟಳು. ದೊಡ್ಡ ಅಕ್ಕೋರೇ, ನನ್ನ ಪಾಲಿನ ಸಾಲವನ್ನು ನಿಮಗೆ ಅವತ್ತೇ ಮನ್ನಾ ಮಾಡುತ್ತಿದ್ದೆ. ಆಕೆಯ ಪಾಲಿನದು ಬಾಕಿ ಇದೆ. ಅದನ್ನು ಕ್ಷಮಿಸಲು ನಾನು ಯಾರು?